ಲಾಲ್‌ಬಾಗ್‌ಗೆ ಒಂದು ದಿನ: ಯಾವ ಗೇಟು, ಯಾವ ಹೊತ್ತು, ಗಿಡ ತರೋದು ಹೇಗೆ?

ಮೂರ್ನಾಡಿನಿಂದ ಪ್ರಶ್ನೆ:

ಆಗಸ್ಟ್ ಫಲಪುಷ್ಪ ಪ್ರದರ್ಶನಕ್ಕೆ ಬೆಂಗಳೂರಿನ ಲಾಲ್‌ಬಾಗ್‌ಗೆ ಹೋಗಿ ಬರುವ ಅಂದಾಜು. ಅತ್ತೆಗೆ ಮಂಡಿ ನೋವು, ಮಕ್ಕಳಿಬ್ಬರೂ ಸಣ್ಣವರು. ಮಡಿಕೇರಿಯಿಂದ ರಾತ್ರಿ ಬಸ್ಸಿಗೆ ಹೊರಟು ಮಾರನೇ ರಾತ್ರಿ ಬಸ್ಸಿಗೇ ವಾಪಸ್. ಕೆರೆ, ಬಂಡೆ, ಗಾಜಿನ ಮನೆ ಮೂರೂ ಆಗುತ್ತಾ? ಯಾವ ಗೇಟಿನಿಂದ ಹೋದರೆ ನಡಿಗೆ ಕಡಿಮೆ? ಬರುವಾಗ ನಾಲ್ಕಾರು ಗಿಡ ತರಬೇಕೂಂತ ಅತ್ತೆಯ ಆಸೆ. ಗೊತ್ತಿರುವವರು ತಿಳಿಸಿ.

ಕುಶಾಲನಗರದಿಂದ:

ಮೊದಲು ದಿನ ಆರಿಸಿ, ಗೇಟು ಆಮೇಲೆ. ಆಗಸ್ಟ್ 15 ಮತ್ತು ಅದರ ಆಚೀಚಿನ ಶನಿವಾರ, ಭಾನುವಾರ ಬೇಡವೇ ಬೇಡ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಹಿಡಿಯಿರಿ. ಪ್ರದರ್ಶನ ಶುರುವಾದ ಮೊದಲ ನಾಲ್ಕೈದು ದಿನದಲ್ಲಾದರೆ ಇನ್ನೂ ಒಳ್ಳೆಯದು. ಗಾಜಿನ ಮನೆಯೊಳಗಿನ ದೊಡ್ಡ ಕಲಾಕೃತಿಗಳೆಲ್ಲ ಕೊಯ್ದ ಗುಲಾಬಿ, ಸೇವಂತಿಗೆಯಲ್ಲಿ ಕಟ್ಟಿದವು. ಬೇರಿಲ್ಲದ ಹೂವು ಎಷ್ಟು ದಿನ ತಡೆದೀತು?

ರಾತ್ರಿ ಹತ್ತೂವರೆ, ಹನ್ನೊಂದಕ್ಕೆ ಹೊರಟರೆ ಬೆಳಗಿನ ಜಾವ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿಯುತ್ತೀರಿ. ಅಲ್ಲಿಗೆ ಹತ್ತಿರದ ಮೆಟ್ರೊ ದೀಪಾಂಜಲಿನಗರ. ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್ ಕಡೆಗೆ ಹೋಗುವ ರೈಲು ಹತ್ತಿ, ಆರನೇ ನಿಲ್ದಾಣ ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸಿ. ರೇಷ್ಮೆ ಸಂಸ್ಥೆ ಎಂದು ಬರೆದಿರುವ ದಿಕ್ಕು. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು ಆದಮೇಲೆ ನಾಲ್ಕನೆಯದೇ ಲಾಲ್‌ಬಾಗ್. ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸುವಾಗ ಅತ್ತೆಯನ್ನು ಮೆಟ್ಟಿಲು ಹತ್ತಿಸಬೇಡಿ, ಲಿಫ್ಟ್ ಇದೆ, ಸಿಬ್ಬಂದಿಯನ್ನು ಕೇಳಿ. ಒಂದು ಎಚ್ಚರಿಕೆ: ಭಾನುವಾರ ಮೆಟ್ರೊ ಶುರುವಾಗುವುದೇ ಏಳಕ್ಕೆ. ರಾತ್ರಿ ಬಸ್ಸಿನವರು ಅಲ್ಲಿಯವರೆಗೆ ನಿಲ್ದಾಣದಲ್ಲಿ ತೂಕಡಿಸಬೇಕಾಗುತ್ತದೆ.

ಮುಖ ತೊಳೆಯುವುದು, ಶೌಚ ಎಲ್ಲ ಮೆಟ್ರೊ ನಿಲ್ದಾಣದಲ್ಲೇ ಮುಗಿಸಿ. ಪ್ರದರ್ಶನದ ದಿನ ಉದ್ಯಾನದೊಳಗಿನ ಶೌಚಾಲಯದ ಮುಂದೆ ಹೆಂಗಸರ ಸಾಲು ಕರಗುವುದೇ ಇಲ್ಲ.

ಗೋಣಿಕೊಪ್ಪದಿಂದ:

ಮೆಟ್ರೊದಿಂದ ಹೊರಬಂದರೆ ಸಿಗುವುದು ಪಶ್ಚಿಮ ದ್ವಾರ. ನಿಮಗೆ ಅದೇ ಸರಿ, ಏಕೆಂದರೆ ಕೆರೆ ಆ ಕಡೆಯಿಂದ ಹತ್ತಿರ. ಬಂಡೆ ಇರುವುದು ಮುಖ್ಯ ದ್ವಾರದ ಬಳಿ, ಅಂದರೆ ಉತ್ತರಕ್ಕೆ. ಗಾಜಿನ ಮನೆ ಈ ಎರಡರ ನಡುವೆ. ಉದ್ಯಾನ ಒಟ್ಟು 240 ಎಕರೆ. ನಕ್ಷೆ ನೋಡಿ 'ಇಲ್ಲೇ ಅಲ್ವಾ' ಅನ್ನಿಸುವ ದೂರ ಮಂಡಿ ನೋವಿನವರಿಗೆ ಇಲ್ಲೇ ಆಗಿರುವುದಿಲ್ಲ. ಹಾಗಾಗಿ ಕೆರೆ, ಗಾಜಿನ ಮನೆ, ಬಂಡೆ ಅಂತ ಒಂದೇ ದಿಕ್ಕಿಗೆ ನಡೆದು ಮುಖ್ಯ ದ್ವಾರದಿಂದ ಹೊರಬನ್ನಿ. ಬಂದ ದಾರಿಗೆ ವಾಪಸ್ ಹೋಗುವ ಲೆಕ್ಕ ಹಾಕಬೇಡಿ. ಬ್ಯಾಟರಿ ವಾಹನ ಓಡುತ್ತವೆ, ಆದರೆ ಜಂಗುಳಿಯ ದಿನ ಅದನ್ನೇ ನಂಬಿ ಕೂರಬೇಡಿ.

ಗೇಟು ತೆರೆಯುವುದು ಬೆಳಿಗ್ಗೆ 6ಕ್ಕೆ. ಆಗಲೇ ಒಳಗೆ ಹೋದರೆ ಕೆರೆಯ ದಂಡೆ ವಾಕಿಂಗ್‌ನವರದ್ದು ಮತ್ತು ಹಕ್ಕಿಗಳದ್ದು ಮಾತ್ರ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಾ ಕೂತಿರುತ್ತವೆ. ಮಕ್ಕಳಿಗೆ ಅದನ್ನು ತೋರಿಸಿ: ಉಳಿದ ನೀರಹಕ್ಕಿಗಳಂತೆ ಅದರ ಗರಿ ನೀರನ್ನು ಪೂರಾ ಜಾಡಿಸಿ ಬಿಡುವುದಿಲ್ಲ, ನೆನೆಯುತ್ತದೆ. ಮುಳುಗಿ ಮೀನು ಹಿಡಿಯಲು ಅದೇ ಅನುಕೂಲ, ಆಮೇಲೆ ಒಣಗಿಸುವುದೇ ಕೆಲಸ. ಅಂಚಿನ ಕೆಸರಲ್ಲಿ ಕದಲದೆ ನಿಂತ ಕಂದು ಬಣ್ಣದ್ದು ಕೊಳಬಕ. ಹಾರಿದಾಗ ಮಾತ್ರ ಬೆಳ್ಳಗೆ ಕಾಣುತ್ತದೆ. ಒಂಬತ್ತು ಗಂಟೆಯ ಮೇಲೆ ಪೀಪಿ, ಬಲೂನು, ಫೋಟೊ ಗಲಾಟೆಯಲ್ಲಿ ಇದೆಲ್ಲ ಕಾಣಿಸದು.

ಅಲ್ಲಿಂದ ಗಾಜಿನ ಮನೆ. ಹೈದರ್ ಅಲಿ 1760ರಲ್ಲಿ ತೋಟ ಶುರು ಮಾಡಿಸಿದ್ದು, ಟಿಪ್ಪು ಬೆಳೆಸಿದ್ದು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ. ಒಳಗೆ ಜನ ಒಂದೇ ದಿಕ್ಕಿಗೆ ಸಾಗುತ್ತಾರೆ, ಹಿಂದಿರುಗಿ ನೋಡುವ ಅವಕಾಶ ಕಡಿಮೆ. ಸಾಲು ಬೆಳೆಯುವ ಮುಂಚೆ, ಒಳಗೆ ಬಿಡಲು ಶುರು ಮಾಡಿದ ಕೂಡಲೇ ಹೋಗಿ. ಅತ್ತೆಯವರನ್ನು ಸಾಲಿನ ಒಳಬದಿಗೆ, ಕಂಬಿ ಹಿಡಿಯಲು ಸಿಗುವ ಕಡೆ ನಡೆಸಿ.

ಬಂಡೆ ಕಡೆಗಿರಲಿ ಅಂದೆ, ಆದರೆ ಹನ್ನೊಂದರೊಳಗೆ. ಬಿಸಿಲು ಬಂದರೆ ಕಲ್ಲು ಕಾದು ಕೂರಲಾಗದು. ತುಂತುರು ಬಿದ್ದರೆ ಇಳಿಜಾರಿನಲ್ಲಿ ಚಪ್ಪಲಿ ಜಾರುತ್ತದೆ, ಅದರಲ್ಲೂ ಸವೆದ ಹವಾಯಿ. ಮಂಡಿ ನೋವಿದ್ದರೆ ಹತ್ತುವಾಗ ಅಲ್ಲ, ಇಳಿಯುವಾಗ ಕಷ್ಟ. ಅತ್ತೆ ಬುಡದಲ್ಲೇ ಕೂರಲಿ. ಅಲ್ಲಿನ ಫಲಕ ಓದಿದರೂ ಸಾಕು: ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮೇಲಿರುವುದು ಕೆಂಪೇಗೌಡರ ಕಾಲದ ಗಡಿ ಗೋಪುರ. ಊರು ಅಲ್ಲಿಗೇ ಮುಗಿಯುತ್ತಿತ್ತಂತೆ! ಈಗ ಅಲ್ಲಿ ನಿಂತು ನಾಲ್ಕೂ ಕಡೆ ನೋಡಿ.

ಮೂರ್ನಾಡಿನಿಂದ:

ಊಟ ಕಟ್ಟಿಕೊಂಡು ಹೋಗಬಹುದಾ? ಕಡುಬು, ಪಂದಿಕರಿ ಅಲ್ಲ ಮತ್ತೆ, ಬರೀ ಚಿತ್ರಾನ್ನ!

ಕುಶಾಲನಗರದಿಂದ:

ಪ್ರದರ್ಶನದ ದಿನ ಗೇಟಿನಲ್ಲೇ ಚೀಲ ನೋಡುತ್ತಾರೆ, ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಪ್ಲಾಸ್ಟಿಕ್ ಕವರಂತೂ ಇಲ್ಲವೇ ಇಲ್ಲ. ನೀರಿಗೆ ಸ್ಟೀಲ್ ಬಾಟಲಿ ಒಯ್ಯಿರಿ. ಒಳಗೆ ಹಾಪ್‌ಕಾಮ್ಸ್ ಹಣ್ಣಿನ ರಸ ಸಿಗುತ್ತದೆ. ಮುಖ್ಯ ದ್ವಾರದಿಂದ ಹೊರಬಂದರೆ ಮಾವಳ್ಳಿಯ ಎಂಟಿಆರ್ ಹತ್ತಿರವೇ. ಅದಕ್ಕೆ ಸೋಮವಾರ ರಜೆ, ಉಳಿದ ದಿನ ಊಟದ ಹೊತ್ತಿಗೆ ಹೆಸರು ಬರೆಸಿ ಕಾಯಬೇಕು. ಮಕ್ಕಳು ಹಸಿದಿದ್ದರೆ ಆ ಹಟ ಬೇಡ.

ಶನಿವಾರಸಂತೆಯಿಂದ:

ನಮ್ಮ ಕಡೆಯವರಿಗೆ ಒಂದು ಮಾತು. ಹಾಸನದ ಮೇಲೆ ಬಸ್ಸಿಗೆ ಹೋಗುವವರು ಮೆಜೆಸ್ಟಿಕ್‌ವರೆಗೆ ಕೂರಬೇಡಿ. ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಬಸ್ಸು ನಿಲ್ಲಿಸುವ ಜಾಲಹಳ್ಳಿ ಕ್ರಾಸ್‌ನಲ್ಲೋ ಯಶವಂತಪುರದಲ್ಲೋ ಇಳಿದರೆ ಅಲ್ಲಿಂದಲೇ ಹಸಿರು ಮಾರ್ಗ, ಮಧ್ಯೆ ಬದಲಿಸದೆ ಲಾಲ್‌ಬಾಗ್.

ಕಾರಲ್ಲಿ ಹೋಗುವ ಯೋಚನೆ ಇದ್ದರೆ ಪ್ರದರ್ಶನದ ದಿನ ಗೇಟಿನವರೆಗೆ ಒಯ್ಯುವ ಆಸೆ ಬಿಡಿ. ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿ ನಿಲ್ಲಿಸಿ ಆಟೊ ಹಿಡಿಯಿರಿ.

ಗಿಡದ ವಿಷಯದಲ್ಲಿ ನಮ್ಮ ಹೋಬಳಿಯವರು ಸ್ವಲ್ಪ ಜಾಸ್ತಿ ಕಿರುಚುತ್ತೇವೆ, ಬೇಸರಿಸಬೇಡಿ. ಆಫ್ರಿಕನ್ ದೈತ್ಯ ಬಸವನಹುಳು ಕಾಫಿ ತೋಟಕ್ಕೆ ಹೊಕ್ಕರೆ ಏನಾಗುತ್ತದೆ ಅಂತ ಇಲ್ಲಿ ಕೇಳಿ. ಅದು ಕುಂಡದ ಮಣ್ಣಿನಲ್ಲಿ ಸುಲಭವಾಗಿ ಸವಾರಿ ಮಾಡುತ್ತದೆ. ಕೊಳ್ಳುವ ಮೊದಲು ಕವರ್ ಎತ್ತಿ ತಳ ನೋಡಿ, ಮೇಲ್ಮಣ್ಣನ್ನು ಬೆರಳಿನಲ್ಲಿ ಒಂದಿಂಚು ಕೆದಕಿ. ಕಾಳುಮೆಣಸಿನ ಗಾತ್ರದ, ಹಳದಿ ಛಾಯೆಯ ಬಿಳಿ ಮೊಟ್ಟೆಗಳು ಗುಂಪಾಗಿ ಕಂಡರೆ ಆ ಗಿಡ ಅಲ್ಲೇ ಬಿಡಿ. ಒಂದು ಗುಂಪಿನಲ್ಲಿ ನೂರಕ್ಕೂ ಮೇಲೆ ಇರಬಹುದು. ದಾಸವಾಳ, ಮಲ್ಲಿಗೆಯಾದರೆ ಎಲೆಯ ಕಂಕುಳಲ್ಲಿ ಹಿಟ್ಟು ತಿಗಣೆಯ ಬಿಳಿ ಹತ್ತಿ ಇದೆಯಾ ನೋಡಿ. ಕಾಫಿ, ಮೆಣಸು, ಕಿತ್ತಳೆ ಸಸಿ ಮಾತ್ರ ಎಷ್ಟೇ ಚೆನ್ನಾಗಿ ಕಂಡರೂ ಹೊರಗಿನಿಂದ ತರಬೇಡಿ.

ಮಡಿಕೇರಿಯಿಂದ:

ಗಿಡ ಕೊಳ್ಳುವುದು ಕೊನೆಯ ಕೆಲಸ. ಬೆಳಿಗ್ಗೆಯೇ ಕೊಂಡರೆ ದಿನವಿಡೀ ಹೊತ್ತು ತಿರುಗಬೇಕು. ಲಾಲ್‌ಬಾಗ್‌ನಲ್ಲೇ ನರ್ಸರಿ ಸಹಕಾರ ಸಂಘದ ಮಾರಾಟ ಇದೆ, ಪ್ರದರ್ಶನದಲ್ಲಿ ಮಳಿಗೆಗಳೂ ಇರುತ್ತವೆ. ಪಕ್ಕದ ಸಿದ್ದಾಪುರದಲ್ಲಿ ಸಾಲು ನರ್ಸರಿಗಳು. (ನಮ್ಮ ಅಮ್ಮತ್ತಿ ಪಕ್ಕದ ಸಿದ್ದಾಪುರ ಅಲ್ಲ, ಆಟೊದವರಿಗೆ ಲಾಲ್‌ಬಾಗ್ ಸಿದ್ದಾಪುರ ಅನ್ನಿ.)

ಆಗಸ್ಟ್‌ನಲ್ಲಿ ತರುವ ಗಿಡ ಸಾಯುವುದು ಪ್ರಯಾಣದಿಂದಲ್ಲ, ಮನೆಗೆ ಬಂದ ಮೇಲೆ. ಅಲ್ಲಿನ ಕೆಂಪು ಜಿಗುಟು ಮಣ್ಣು ಬೆಂಗಳೂರಿನ ಒಣ ಗಾಳಿಗೆ ಸರಿ. ಇಲ್ಲಿ ಕಕ್ಕಡದ ಮಳೆಗೆ ಅದೇ ಮಣ್ಣು ಸ್ಪಂಜಿನಂತೆ ನೀರು ಹಿಡಿದು ಬೇರು ಕೊಳೆಸುತ್ತದೆ. ಹಾಗಾಗಿ ತಂದ ದಿನವೇ ನೆಲಕ್ಕೆ ನೆಡಬೇಡಿ. ಎರಡು ವಾರ ಜಗಲಿಯಲ್ಲಿ, ಬೆಳಕು ಬೀಳುವ ಆದರೆ ಸೂರಿನ ನೀರು ಬೀಳದ ಕಡೆ ಇಡಿ. ಉಳಿದ ಗಿಡಗಳಿಂದ ದೂರ ಇಡಿ, ಹುಳ ಇದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ. ಸೆಪ್ಟೆಂಬರ್‌ನಲ್ಲಿ ಮಳೆ ಬಿಟ್ಟಾಗ ಮಣ್ಣು, ಮರಳು, ಹಳೇ ಗೊಬ್ಬರ ಸಮ ಪಾಲು ಸೇರಿಸಿ ನೆಡಿ. ಕಸಿ ಗುಲಾಬಿಯಾದರೆ ಕಸಿ ಗಂಟು ಮಣ್ಣಿನಿಂದ ಎರಡಿಂಚು ಮೇಲಿರಲಿ.

ಕಳ್ಳಿ ಜಾತಿ, ಅಡೀನಿಯಂ ಈ ತಿಂಗಳಲ್ಲಿ ಬೇಡ. ಆಂಥೂರಿಯಂ, ಬಿಗೋನಿಯಾ, ಜರಿಗಿಡಕ್ಕೆ ನಮ್ಮ ಹವೆಯೇ ಸ್ವರ್ಗ. ಅತ್ತೆಯವರಿಗೆ ಗುಲಾಬಿಯೇ ಬೇಕಾದರೆ ಒಂದೇ ಒಂದು ಕೊಡಿಸಿ. ಮಳೆಯಲ್ಲಿ ಎಲೆಗೆ ಕಪ್ಪು ಚುಕ್ಕೆ ಬಂದು ಉದುರುವುದನ್ನು ಒಂದು ಗಿಡದಲ್ಲಿ ನೋಡಿದರೆ ಸಾಕು.

ಮೂರ್ನಾಡಿನಿಂದ:

ಹಾಗಾದರೆ ಜನವರಿ ಪ್ರದರ್ಶನಕ್ಕೇ ಹೋಗುವುದು ಒಳ್ಳೆಯದಾ?

ಗೋಣಿಕೊಪ್ಪದಿಂದ:

ಹೂವಿಗೆ, ಬಂಡೆಗೆ ಜನವರಿಯೇ ವಾಸಿ. ಆದರೆ ಗಣರಾಜ್ಯೋತ್ಸವದ ಹೊತ್ತಿಗೆ ಕಾಫಿ ಕೊಯ್ಲು, ಒಣಗಿಸುವ ಕಣ ಬಿಟ್ಟು ಯಾರು ಹೋಗುತ್ತಾರೆ? ಆಗಸ್ಟ್‌ಗೇ ಹೋಗಿ, ಕೊಡೆ ಒಯ್ಯಿರಿ. ಅಲ್ಲಿನ ಮಳೆ ನಮಗೆ ಲೆಕ್ಕಕ್ಕಿಲ್ಲ, ನೆಲ ಮಾತ್ರ ಕೆಸರು.

ಮಡಿಕೇರಿಯಿಂದ:

ಗಿಡ ಕಟ್ಟುವುದು ಹೇಳಲು ಮರೆತೆ. ಕೊಂಡ ಕೂಡಲೇ ನೀರು ಹಾಕಿಸಬೇಡಿ, ಭಾರ ಜಾಸ್ತಿ, ಮಣ್ಣು ಒಡೆಯುತ್ತದೆ. ಕವರಿನ ಬಾಯನ್ನು ಕಾಂಡದ ಸುತ್ತ ಗೋಣಿ ದಾರದಲ್ಲಿ ಕಟ್ಟಿ, ಎಲೆಗಳನ್ನು ಮೇಲಕ್ಕೆ ಒಟ್ಟು ಮಾಡಿ ಪೇಪರ್ ಸುತ್ತಿ. ಮೆಟ್ರೊದಲ್ಲಿ ಚೀಲವನ್ನು ತಪಾಸಣೆಯ ಬೆಲ್ಟಿಗೆ ಮಲಗಿಸಲೇಬೇಕು, ಬಾಯಿ ಕಟ್ಟದಿದ್ದರೆ ಮಣ್ಣೆಲ್ಲ ಅಲ್ಲೇ ಸುರಿಯುತ್ತದೆ. ಆರಿಂಚಿನ ಕವರಿನ ನಾಲ್ಕು ಗಿಡ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಅಲುಗದಂತೆ ಕೂರುತ್ತವೆ, ಸಂದಿಗೆ ಪೇಪರ್ ತುರುಕಿ. ರಾತ್ರಿ ಬಸ್ಸಿನಲ್ಲಿ ಪೆಟ್ಟಿಗೆ ಕಾಲ ಬುಡದಲ್ಲೇ ಇರಲಿ. ಡಿಕ್ಕಿಗೆ ಹಾಕಿದರೆ ಆನೆಕಾಡು ದಾಟಿ ತಿರುವು ಶುರುವಾದ ಮೇಲೆ ಎಲ್ಲರ ಸೂಟ್‌ಕೇಸೂ ಅದರ ಮೇಲೆಯೇ.