ಅಮ್ಮ 'ಎಲ್ಲರಿಗೂ ಇದ್ದದ್ದೇ' ಅನ್ನುತ್ತಾರೆ, ಡಾಕ್ಟರ್ ಹತ್ತಿರ ಹೋಗಲು ಹೇಗೆ ಒಪ್ಪಿಸಲಿ?

ಕೇಳಿದವರು: ಪಿಯುಸಿ ಹುಡುಗಿ, ಚಿಕ್ಕಮಗಳೂರು ಕಡೆ

ನನಗೆ 16 ವರ್ಷ. ಮುಟ್ಟು ಶುರುವಾದರೆ ಎಂಟು ಒಂಬತ್ತು ದಿನ ನಿಲ್ಲುವುದೇ ಇಲ್ಲ. ಮೊದಲ ಮೂರು ದಿನ ಒಂದೂವರೆ ಗಂಟೆಗೆಲ್ಲ ಪ್ಯಾಡ್ ಪೂರ್ತಿ ನೆನೆದಿರುತ್ತದೆ, ಗಡ್ಡೆ ಗಡ್ಡೆಯಾಗಿ ಹೋಗುತ್ತದೆ, ರಾತ್ರಿ ನಿದ್ದೆಯಿಂದ ಎದ್ದು ಬದಲಾಯಿಸಬೇಕು. ಕಾಲೇಜಿನ ಮೆಟ್ಟಿಲು ಹತ್ತಿದರೆ ಎದೆ ಡವಡವ. ಬಳಪ ತಿನ್ನುವ ಆಸೆ ಬೇರೆ (ನಗಬೇಡಿ). ಅಮ್ಮನಿಗೆ ಹೇಳಿದರೆ "ನಮಗೂ ಹೀಗೇ ಆಗ್ತಿತ್ತು, ಎಲ್ಲರಿಗೂ ಇದ್ದದ್ದೇ, ಮೈ ಉಷ್ಣ ಆಗಿದೆ, ರಾತ್ರಿ ಮೊಬೈಲ್ ನೋಡೋದು ಬಿಡು" ಅಷ್ಟೇ. ಮೆಂತ್ಯದ ನೀರು, ಜೀರಿಗೆ ಕಷಾಯ ಎಲ್ಲ ಆಯಿತು. ಅಮ್ಮನಿಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಆದರೆ ಇದೊಂದು ವಿಷಯ ಮಾತ್ರ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಒಪ್ಪಿಸಿದ್ದರೆ ಹೇಗೆ ಅಂತ ಹೇಳಿ.

ಹಾಸನದ ಅಕ್ಕ

ಪುಟ್ಟಿ, "ತುಂಬಾ ಆಗುತ್ತೆ ಅಮ್ಮ" ಅಂತ ಹೇಳುವುದನ್ನು ಮೊದಲು ನಿಲ್ಲಿಸು. ತುಂಬಾ ಅಂದರೆ ಎಷ್ಟು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಮ್ಮನಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಅಡುಗೆಮನೆಯ ಕ್ಯಾಲೆಂಡರ್. ಅಮ್ಮ ಅದರಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುತ್ತಿದ್ದರು, ನಾನು ಅದೇ ಚೌಕದಲ್ಲಿ ಮೂಲೆಗೆ ಸಣ್ಣದಾಗಿ ಆ ದಿನ ಎಷ್ಟು ಪ್ಯಾಡ್ ಅಂತ ಬರೆಯುತ್ತಾ ಹೋದೆ, ರಾತ್ರಿ ಎದ್ದಿದ್ದರೆ ಒಂದು ಗೀಟು. ತಿಂಗಳ ಕೊನೆಗೆ ಹಾಲಿನ ಲೆಕ್ಕ ಕೂಡುವಾಗ ಅಮ್ಮನೇ "ಇದೇನಿದು" ಅಂತ ಕೇಳಿದರು. ಅವರಾಗಿ ಕೇಳಿದ್ದಕ್ಕೂ ನಾವಾಗಿ ಹೇಳಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತೀಯಾ!

ನೀನು ಬರೆಯಬೇಕಾದ್ದು ಇಷ್ಟು: ಶುರುವಾದ ದಿನ, ನಿಂತ ದಿನ, ದಿನಕ್ಕೆ ಎಷ್ಟು ಪ್ಯಾಡ್, ಗಡ್ಡೆ ಎಷ್ಟು ದೊಡ್ಡದು, ಯಾವ ದಿನ ಕಾಲೇಜು ತಪ್ಪಿತು. ಏಳು ದಿನ ದಾಟುವುದು, ಗಂಟೆ ಎರಡು ಗಂಟೆಗೆ ಪ್ಯಾಡ್ ನೆನೆಯುವುದು, ಹತ್ತು ರೂಪಾಯಿ ನಾಣ್ಯದಷ್ಟು ಅಥವಾ ಅದಕ್ಕಿಂತ ದೊಡ್ಡ ಗಡ್ಡೆ, ಇವು ಡಾಕ್ಟರುಗಳು ಅತಿಯಾದ ಸ್ರಾವ ಅಂತ ಗುರುತಿಸುವ ಲಕ್ಷಣಗಳು. ನಿನಗೆ ಇವೆಲ್ಲ ಇವೆ ಅನ್ನಿಸುತ್ತದೆ.

ಇನ್ನೊಂದು, ಹೊತ್ತು ನೋಡಿ ಮಾತಾಡು. ಬೆಳಿಗ್ಗೆ ಡಬ್ಬಿ ಕಟ್ಟುವಾಗ ಬೇಡ, ಅಜ್ಜಿ ಎದುರಿಗೆ ಮೊದಲೇ ಬೇಡ. ಅಜ್ಜಿ "ನಮ್ಮ ಕಾಲದಲ್ಲಿ" ಅಂತ ಶುರು ಮಾಡಿದರೆ ಆ ದಿನದ ಕಥೆ ಮುಗಿಯಿತು.

ಶಿವಮೊಗ್ಗ, ಲ್ಯಾಬ್ ಟೆಕ್ನಿಷಿಯನ್

ಬಳಪ ತಿನ್ನುವ ಆಸೆಗೆ ಇಲ್ಲಿ ಯಾರೂ ನಗುವುದಿಲ್ಲ ಕಣಮ್ಮ. ಬಳಪ, ಹಸಿ ಅಕ್ಕಿ, ಮಣ್ಣು, ಐಸ್, ಇವನ್ನು ತಿನ್ನಬೇಕು ಅನ್ನಿಸುವುದು ಕಬ್ಬಿಣಾಂಶ ಕಮ್ಮಿಯಾದಾಗ ಕಾಣುವ ಲಕ್ಷಣ. ಎಷ್ಟೋ ಮನೆಗಳಲ್ಲಿ ಅದನ್ನು ಕೆಟ್ಟ ಚಾಳಿ ಅಂತ ಬೈದು ಬಿಡಿಸುತ್ತಾರೆ, ರಕ್ತ ಮಾತ್ರ ನೋಡಿಸುವುದಿಲ್ಲ.

ಡಾಕ್ಟರ್ ಅಂದ ಕೂಡಲೇ ಅಮ್ಮ ಹಿಂದೆ ಸರಿಯುತ್ತಾರೆ ಅಂದರೆ ಡಾಕ್ಟರ್ ಅನ್ನಲೇಬೇಡ. "ಹಿಮೋಗ್ಲೋಬಿನ್ ಒಂದು ನೋಡಿಸೋಣ" ಅನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡುತ್ತಾರೆ. ನಿನ್ನ ವಯಸ್ಸಿನ ಹುಡುಗಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗೆ ಹೋದರೆ ತೀವ್ರ. ನಮ್ಮಲ್ಲಿ ಬರುವ ತಾಯಂದಿರನ್ನು ನೋಡಿದ್ದೇನೆ, ಮಗಳು ವರ್ಷದಿಂದ ಸುಸ್ತು ಅಂದಾಗ ಕೇಳದವರು ಕಾಗದದ ಮೇಲೆ 7.4 ಅಂತ ಕಂಡ ಕೂಡಲೇ ಅಲ್ಲೇ ನಿಂತು ಗಂಡನಿಗೆ ಫೋನ್ ಹಚ್ಚುತ್ತಾರೆ. ಬೇಜಾರಿನ ವಿಷಯವೇ, ಆದರೆ ಕೆಲಸ ಆಗುತ್ತದಲ್ಲ!

ಸಾಧ್ಯವಾದರೆ ಸಿಬಿಸಿ, ಅಂದರೆ ರಕ್ತದ ಕಣಗಳನ್ನೆಲ್ಲ ಎಣಿಸಿ ನೋಡುವ ಪರೀಕ್ಷೆ, ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು, ಅದನ್ನು ನೋಡಲು ಫೆರಿಟಿನ್ ಅಂತ ಬೇರೆ ಪರೀಕ್ಷೆ ಇದೆ. ಥೈರಾಯ್ಡ್ ಕೂಡ ಡಾಕ್ಟರ್ ಬರೆದುಕೊಡಬಹುದು. ಹಿಮೋಗ್ಲೋಬಿನ್ ನಾರ್ಮಲ್ ಬಂತು ಅಂತ ಮಾತು ಮುಗಿಸಲು ಬಿಡಬೇಡ.

ಮೈಸೂರು, ಇಬ್ಬರು ಹೆಣ್ಣುಮಕ್ಕಳ ತಾಯಿ

ಅಮ್ಮನ ಕಡೆಯಿಂದ ನಾನು ಸ್ವಲ್ಪ ಹೇಳುತ್ತೇನೆ. ಅಮ್ಮಂದಿರು ಕೇಳಿಸಿಕೊಳ್ಳದೆ ಇರುವುದಿಲ್ಲ ಮಗಳೇ, ಕೇಳಿಸಿಕೊಂಡು ಹೆದರುತ್ತಾರೆ. ಹೆಂಗಸರ ಡಾಕ್ಟರ್ ಹತ್ತಿರ ಮದುವೆಯಾಗದ ಹುಡುಗಿಯನ್ನು ಕೂರಿಸಿಕೊಂಡಿದ್ದಾಗ ಪರಿಚಯದವರು ಯಾರಾದರೂ ಕಂಡರೆ ಏನಂತಾರೋ, "ಒಳಗೆ" ಪರೀಕ್ಷೆ ಮಾಡಿಬಿಡುತ್ತಾರೋ, ಗರ್ಭಕೋಶದಲ್ಲಿ ತೊಂದರೆ ಅಂದುಬಿಟ್ಟರೆ ನಾಳೆ ಸಂಬಂಧ ನೋಡುವಾಗ ಏನು ಹೇಳುವುದು, ಸ್ಕ್ಯಾನಿಂಗಿಗೆ ಎಷ್ಟಾಗುತ್ತದೋ, ಇಷ್ಟೂ ಒಟ್ಟಿಗೆ ತಲೆಗೆ ಬರುತ್ತದೆ, ಬಾಯಿಂದ ಬರುವುದು ಮಾತ್ರ "ಎಲ್ಲರಿಗೂ ಇದ್ದದ್ದೇ". ಅದಕ್ಕೇ ವಾದ ಮಾಡಿದರೆ ಉಪಯೋಗವಿಲ್ಲ. ಯಾವುದಕ್ಕೆ ಹೆದರಿದ್ದಾರೆ ಅಂತ ತಿಳಿದುಕೊಂಡು ಅದಕ್ಕೆ ಉತ್ತರ ಕೊಡು.

ನಿನ್ನ ವಯಸ್ಸಿನವರಿಗೆ ಸಾಮಾನ್ಯವಾಗಿ ಪ್ರಶ್ನೆ ಕೇಳುತ್ತಾರೆ, ರಕ್ತ ಪರೀಕ್ಷೆ ಬರೆಯುತ್ತಾರೆ, ಸ್ಕ್ಯಾನಿಂಗ್ ಬೇಕಾದರೆ ನೀರು ಕುಡಿಸಿ ಹೊಟ್ಟೆಯ ಮೇಲಿಂದ ಮಾಡುತ್ತಾರೆ. ಇದನ್ನು ಅಮ್ಮನಿಗೆ ಮೊದಲೇ ಹೇಳಿಬಿಡು. ಮೊದಲ ಸಲ ಹೆಂಗಸರ ಡಾಕ್ಟರ್ ಹತ್ತಿರವೇ ಹೋಗಬೇಕು ಅಂತಲೂ ಇಲ್ಲ, ನಿಮ್ಮ ಮನೆಯವರು ಜ್ವರಕ್ಕೆ ತೋರಿಸುವ ಡಾಕ್ಟರೇ ಸಾಕು.

ನಿಮ್ಮಮ್ಮನಿಗೂ ರಕ್ತ ನೋಡಿಸು. "ಇಬ್ಬರೂ ಹೋಗೋಣ ಬಾ, ನಿನಗೂ ಸುಸ್ತು ಅಂತೀಯಲ್ಲ" ಅಂತ ಕರಿ. ನಮ್ಮ ಮನೆಯಲ್ಲಿ ನನ್ನದೇ ಮಗಳಿಗಿಂತ ಕಮ್ಮಿ ಬಂತು.

ಹುಬ್ಬಳ್ಳಿ, ಇಂಜಿನಿಯರಿಂಗ್ ವಿದ್ಯಾರ್ಥಿ

ಹುಡುಗಿಯರ ವಿಷಯದಲ್ಲಿ ನನಗೆ ಹೇಳಲು ಏನೂ ಇಲ್ಲ, ಮನೆಯವರ ವಿಷಯದಲ್ಲಿ ಇದೆ. ಹತ್ತನೇ ಕ್ಲಾಸಿನಲ್ಲಿ ನನಗೆ ವಿಪರೀತ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು, ಚೆನ್ನಾಗಿ ಉಂಡರೂ ಪ್ಯಾಂಟ್ ಸಡಿಲ. ಮನೆಯಲ್ಲಿ ಬೇಸಿಗೆ ಅಂದರು, ಪರೀಕ್ಷೆಯ ಟೆನ್ಷನ್ ಅಂದರು, ಬೆಳೆಯುವ ವಯಸ್ಸು ಅಂದರು. ಒಪ್ಪಿಸಿದ್ದು ನಮ್ಮ ಸೋದರಮಾವ. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಮನೆಗೆ ಬಂದಾಗ ತಮ್ಮ ಗ್ಲೂಕೋಮೀಟರಿನಲ್ಲೇ ನನ್ನ ಬೆರಳು ಚುಚ್ಚಿ ನೋಡಿದರು. ಅದು ಅಂಕಿಯನ್ನೇ ತೋರಿಸಲಿಲ್ಲ, 'ಹೈ' ಅಂತ ಬಂತು. ಟೈಪ್ 1 ಡಯಾಬಿಟಿಸ್. ಅದೇ ರಾತ್ರಿ ಆಸ್ಪತ್ರೆ.

ಅದಕ್ಕೇ ಹೇಳುವುದು, ಅಪ್ಪ ಅಮ್ಮ ಇಬ್ಬರನ್ನೇ ನೆಚ್ಚಿಕೊಂಡು ಕೂರಬೇಡ. ಮನೆಯಲ್ಲಿ ಯಾರ ಮಾತಿಗೆ ತೂಕ ಇದೆ ನೋಡು. ಮಾವ, ಚಿಕ್ಕಮ್ಮ, ದೊಡ್ಡಪ್ಪನ ಸೊಸೆ, ಯಾರೇ ಇರಲಿ.

ಹುಡುಗರೂ ಇದನ್ನು ಓದುತ್ತಿದ್ದರೆ ನಾಚಿಕೆ ಬಿಟ್ಟು ಕೇಳಿ. ಬೀಜದಲ್ಲಿ ಒಮ್ಮೆಲೇ ಜೋರು ನೋವು ಬಂದರೆ ಮನೆಯವರನ್ನು ಎಬ್ಬಿಸಿ. ಅದು ಒಳಗೆ ತಿರುಚಿಕೊಂಡಿದ್ದರೆ ಆರು ಗಂಟೆಯೊಳಗೆ ಆಪರೇಷನ್ ಆದರೆ ಹೆಚ್ಚಾಗಿ ಉಳಿಯುತ್ತದೆ, ತಡವಾದಷ್ಟೂ ಕಷ್ಟ. ಬೆಳಿಗ್ಗೆ ನೋಡೋಣ ಅನ್ನುವ ನೋವಲ್ಲ ಅದು.

ಕೇಳಿದ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಒಂದು ಮುಖ್ಯವಾದ್ದು ಬಿಟ್ಟುಹೋಯಿತು. ಹೋದ ವರ್ಷ ಒಮ್ಮೆ ಅಮ್ಮ ಕರೆದುಕೊಂಡು ಹೋಗಿದ್ದರು, ಆ ಡಾಕ್ಟರ್ ಏನೂ ನೋಡದೆ "ಈ ವಯಸ್ಸಿಗೆ ಇದು ಮಾಮೂಲು, ಮದುವೆಯಾದ ಮೇಲೆ ಸರಿಹೋಗುತ್ತೆ" ಅಂದರು. ಈಗ ಅಮ್ಮನಿಗೆ ಅದೇ ಆಧಾರ. ಚಿಕ್ಕಂದಿನಿಂದ ನನಗೆ ಮೂಗಿನಲ್ಲಿ ರಕ್ತ ಸೋರುವುದೂ ಇದೆ, ಅದನ್ನು ಅವತ್ತು ಹೇಳಲೇ ಇಲ್ಲ. ಹೇಳಬೇಕಿತ್ತಾ?

ಮಂಗಳೂರು, ಸ್ಟಾಫ್ ನರ್ಸ್

ಹೇಳಲೇಬೇಕು. ಮುಟ್ಟು ಶುರುವಾದ ಮೊದಲ ಎರಡು ಮೂರು ವರ್ಷ ಅಂಡಾಣು ಪ್ರತಿ ತಿಂಗಳೂ ಸರಿಯಾಗಿ ಬಿಡುಗಡೆಯಾಗುವುದಿಲ್ಲ, ಅದರಿಂದ ಏರುಪೇರು ಇರುತ್ತದೆ, ಆ ಮಟ್ಟಿಗೆ ನಿಮ್ಮಮ್ಮನೂ ಆ ಡಾಕ್ಟರೂ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಮೆಟ್ಟಿಲು ಹತ್ತಲಾಗದಷ್ಟು ರಕ್ತ ಹೋಗುತ್ತಿದ್ದರೆ ಪರೀಕ್ಷೆ ಮಾಡದೆ ಮಾಮೂಲು ಅನ್ನುವ ಹಾಗಿಲ್ಲ. ಮದುವೆಗೂ ಇದಕ್ಕೂ ಏನು ಸಂಬಂಧವೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಈಗ ನಿಮ್ಮಮ್ಮನ ಮಾತಿಗೇ ಬರೋಣ. "ನಮಗೂ ಹೀಗೇ ಆಗ್ತಿತ್ತು" ಅಂತಾರಲ್ಲ, ಅದನ್ನು ತಳ್ಳಿಹಾಕಬೇಡ. ಡಾಕ್ಟರಿಗೆ ಬೇಕಾದ ಮಾಹಿತಿಯೇ ಅದು. ರಕ್ತ ಹೆಪ್ಪುಗಟ್ಟುವುದರಲ್ಲಿ ತೊಂದರೆ ಇರುವ ಕೆಲವು ಕಾಯಿಲೆಗಳು ವಂಶದಲ್ಲಿ ಬರುತ್ತವೆ. ಅದರಲ್ಲಿ ಜಾಸ್ತಿ ಕಾಣುವುದು ಫಾನ್ ವಿಲ್ಲೆಬ್ರಾಂಡ್ ಕಾಯಿಲೆ. 1926ರಲ್ಲಿ ಫಿನ್ಲೆಂಡಿನ ಎರಿಕ್ ಫಾನ್ ವಿಲ್ಲೆಬ್ರಾಂಡ್ ಅನ್ನುವ ಡಾಕ್ಟರ್ ಒಂದು ದ್ವೀಪದ ಕುಟುಂಬವನ್ನು ನೋಡಿ ಇದನ್ನು ಮೊದಲು ವಿವರಿಸಿದರು. ಆ ಮನೆಯಲ್ಲಿ ತಲೆಮಾರುಗಳಿಂದ ಮೂಗಿನ ರಕ್ತ, ಮುಟ್ಟಿನ ರಕ್ತ ಜಾಸ್ತಿ ಹೋಗುತ್ತಿತ್ತು. ಇದು ಗೊತ್ತಾದರೆ ಔಷಧಿ ಇದೆ. ನಿನಗೆ ಅದೇ ಇದೆ ಅಂತ ನಾನು ಹೇಳುತ್ತಿಲ್ಲ, ಹೆದರಬೇಡ. ಆದರೆ ಮೂಗಿನ ರಕ್ತ, ಹಲ್ಲು ಕೀಳಿಸಿದಾಗ ನಿಲ್ಲದ ರಕ್ತ, ಸುಮ್ನೆ ತಾಗಿದ್ದಕ್ಕೂ ಮೈಮೇಲೆ ನೀಲಿ ಕಲೆ, ಅಮ್ಮನಿಗೆ ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತಾ, ಇವೆಲ್ಲ ಡಾಕ್ಟರಿಗೆ ಬೇಕು.

ಹೀಗೆ ಹೇಳಿ ನೋಡು: "ಅಮ್ಮ, ನಿಂಗೂ ಹೀಗೇ ಆಗ್ತಿತ್ತು ಅಂತೀಯಲ್ಲ, ಅದನ್ನು ಡಾಕ್ಟರಿಗೆ ಹೇಳಬೇಕಂತೆ. ನಂಗೆ ಸರಿಯಾಗಿ ಗೊತ್ತಿಲ್ಲ, ನೀನೇ ಬಂದು ಹೇಳು." ಆಗ ಅಮ್ಮ ಸೋತ ಹಾಗೂ ಆಗುವುದಿಲ್ಲ, ಅವರಿಲ್ಲದೆ ಕೆಲಸ ನಡೆಯುವುದಿಲ್ಲ ಅಂತಲೂ ಆಗುತ್ತದೆ. ವಾರ್ಡಿಗೆ ಬರುವ ಹುಡುಗಿಯರಿಗೆ ನಾನು ಹೇಳಿಕೊಡುವುದು ಇದನ್ನೇ, ಹೆಚ್ಚಿನ ಅಮ್ಮಂದಿರು ಕುರ್ಚಿ ಎಳೆದುಕೊಂಡು ಕೂತು ತಮ್ಮ ಕಥೆ ಪೂರ್ತಿ ಹೇಳುತ್ತಾರೆ.

ಗೂಗಲ್ ಮಾತ್ರ ತೋರಿಸಬೇಡ. ಕಾಯಿಲೆಯ ಹೆಸರು ನಿನ್ನ ಬಾಯಿಂದ ಬಂದರೆ "ಮೊಬೈಲ್ ನೋಡಿ ನೋಡಿ ತಲೆ ಕೆಟ್ಟಿದೆ" ಅನ್ನುತ್ತಾರೆ. ಮೆಡಿಕಲ್ ಶಾಪಿನಲ್ಲಿ ಸ್ರಾವ ನಿಲ್ಲಿಸುವ ಮಾತ್ರೆ ಕೇಳಿ ತೆಗೆದುಕೊಳ್ಳುವುದೂ ಬೇಡ. ನೋವಿಗೆ ಅಂತ ಆಸ್ಪಿರಿನ್ ನುಂಗಬೇಡ, ಅದು ರಕ್ತ ಹೋಗುವುದನ್ನು ಜಾಸ್ತಿ ಮಾಡುತ್ತದೆ.

ದಾವಣಗೆರೆ, ಪಿಯು ಕಾಲೇಜು ಉಪನ್ಯಾಸಕಿ

ಅಮ್ಮ ಬರಲೇ ಇಲ್ಲ ಅಂದರೂ ದಾರಿ ಇದೆಯಮ್ಮ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತ ಸ್ನೇಹ ಕ್ಲಿನಿಕ್ ಇರುತ್ತದೆ, 10ರಿಂದ 19 ವರ್ಷದವರಿಗೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ದಿನ ಅಂತ ಕೇಳಿಕೋ. ಅಲ್ಲಿ ಮುಟ್ಟಿನ ವಿಷಯ ಮಾತಾಡಿದರೆ ಯಾರೂ ಮುಖ ಸಿಂಡರಿಸುವುದಿಲ್ಲ, ದಿನಾ ಅದೇ ಕೆಲಸ ಅವರಿಗೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಇನ್ನೂ ಒಳ್ಳೆಯದು, ಅವರು ಬೇರೆ ಕೆಲಸದ ನೆಪದಲ್ಲಿ ಮನೆಗೆ ಬಂದು ಅಮ್ಮನ ಹತ್ತಿರ ಮಾತು ತೆಗೆಯುತ್ತಾರೆ. ನಾನು ಎಷ್ಟೋ ವಿದ್ಯಾರ್ಥಿನಿಯರ ಮನೆಗೆ ಫೋನ್ ಮಾಡಿದ್ದೇನೆ. "ನಿಮ್ಮ ಹುಡುಗಿ ತರಗತಿಯಲ್ಲಿ ತಲೆಸುತ್ತಿ ಕೂತುಬಿಟ್ಟಳು" ಅಂತ ಲೆಕ್ಚರರ್ ಹೇಳಿದರೆ ಅಪ್ಪಂದಿರೂ ಎದ್ದು ಬರುತ್ತಾರೆ. ನಿನಗೆ ಹತ್ತಿರವಾದ ಮೇಡಂ ಯಾರಾದರೂ ಇದ್ದರೆ ಕೇಳು.

"ಎಲ್ಲರಿಗೂ" ಅನ್ನುವುದೂ ಒಂದು ಲೆಕ್ಕದಲ್ಲಿ ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತಿದ್ದದ್ದು ಅದಕ್ಕೇ, ನೀವೆಲ್ಲ ಕಿಟಕಿಯಿಂದ ಎಸೆಯುತ್ತಿದ್ದಿರಲ್ಲ, ಅದೇ. ನಿನಗೀಗ ಅಷ್ಟು ಸಾಲುವುದಿಲ್ಲ, ಡೋಸ್ ಡಾಕ್ಟರ್ ಹೇಳಬೇಕು. ಮಾತ್ರೆ ಕೊಟ್ಟರೆ ಕಾಫಿ ಟೀ ಜೊತೆ ನುಂಗಬೇಡ, ನಿಂಬೆ ಪಾನಕದ ಜೊತೆ ತೆಗೆದುಕೋ. ಮಲ ಕಪ್ಪಗೆ ಹೋಗುತ್ತದೆ, ಗಾಬರಿಯಾಗಿ ಅಮ್ಮನೇ ನಿಲ್ಲಿಸಿಬಿಟ್ಟಾರು, ಮೊದಲೇ ಹೇಳಿರು.

ಹಾಸನದ ಅಕ್ಕ

ಒಂದು ಮಾತು ಸೇರಿಸುತ್ತೇನೆ. ಕ್ಯಾಲೆಂಡರ್, ಹೊತ್ತು ನೋಡುವುದು ಎಲ್ಲ ಸರಿ, ಆದರೆ ತಲೆಸುತ್ತಿ ಬಿದ್ದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ಗಂಟೆಗೊಂದು ಪ್ಯಾಡ್ ನೆನೆಯುವುದು ನಿಲ್ಲದೆ ಮುಂದುವರಿದರೆ ಒಪ್ಪಿಸುವ ಕೆಲಸ ಅಲ್ಲಿಗೆ ಬಿಡು. ನೇರ ಆಸ್ಪತ್ರೆ, ಇಲ್ಲ 108ಕ್ಕೆ ಫೋನ್. ಅಮ್ಮ ಬೈದರೆ ಬೈಯಲಿ.

ಕೇಳಿದ ಹುಡುಗಿ

ಭಾನುವಾರ ಅಜ್ಜಿ ಊರಿಗೆ ಹೋಗುತ್ತಾರೆ, ಅವತ್ತು ಮಾತಾಡುತ್ತೇನೆ. ಸ್ಟಾಫ್ ನರ್ಸ್ ಅಕ್ಕ ಹೇಳಿದ ಹಾಗೇ. ಒಪ್ಪಿದರೆ ಸೋಮವಾರ ರಕ್ತ ಕೊಡುವುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಮುಟ್ಟು ಮುಗಿಯುವ ತನಕ ಕಾಯಬೇಕಾ?

ಶಿವಮೊಗ್ಗ, ಲ್ಯಾಬ್ ಟೆಕ್ನಿಷಿಯನ್

ಎರಡೂ ಬೇಡ. ಸಿಬಿಸಿಗೆ ಉಪವಾಸ ಬೇಕಿಲ್ಲ, ಮುಟ್ಟಿನ ದಿನವೂ ಕೊಡಬಹುದು. ತಿಂಡಿ ತಿಂದೇ ಹೋಗಿ, ಅಮ್ಮನಿಗೂ ತಿನ್ನಿಸಿ.