ಪದಚರ್ಚೆ: ‘ಇಂಟರಾಕ್ಟಿವ್ ವಿಡಿಯೊ’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೂರು ವಾರದಿಂದ ಒಂದು ಪದ ತಲೆ ತಿನ್ನುತ್ತಿದೆ. ನಾನು ರಾಜಾಜಿನಗರದ ಒಂದು ಸಣ್ಣ ತಂಡದಲ್ಲಿ ಆನ್‌ಲೈನ್ ಕೋರ್ಸುಗಳಿಗೆ ಕನ್ನಡ ಬರೆಯುತ್ತೇನೆ. ಈಗ ಕೈಯಲ್ಲಿರುವುದು ಮನೆ ವೈರಿಂಗ್ ಕಲಿಸುವ ಕೋರ್ಸ್. ‘ಇಂಟರಾಕ್ಟಿವ್ ವಿಡಿಯೊ’ ಎಂದು ಬಂದ ಕಡೆಯೆಲ್ಲ ‘ಸಂವಾದಾತ್ಮಕ ವಿಡಿಯೊ’ ಎಂದು ಹಾಕಿದ್ದೆ. ಎಲ್ಲರೂ ಹಾಕುವುದು ಅದನ್ನೇ ಅಲ್ವಾ?

ಆಮೇಲೆ ಪೀಣ್ಯದಲ್ಲಿ ಕಲಿಯಲು ಬಂದ ಹುಡುಗರ ಕೈಗೆ ಫೋನ್ ಕೊಟ್ಟು ನೋಡಿದೆವು. ಯಾದಗಿರಿ ಕಡೆಯ ಒಬ್ಬ ಆ ಸಾಲು ಓದಿದ. ಫೋನನ್ನು ಬಾಯಿ ಹತ್ತಿರ ಹಿಡಿದು, “ಇದರಾಗ ಯಾರ ಕೂಡ ಮಾತಾಡಬೇಕ್ರಿ ಸರ?” ಎಂದ. ಅವನದೇನೂ ತಪ್ಪಿಲ್ಲ. ಆಹ್ವಾನ ಪತ್ರಿಕೆಯಲ್ಲಿ ‘ಲೇಖಕರೊಂದಿಗೆ ಸಂವಾದ’ ಎಂದಿದ್ದರೆ ಕೊನೆಗೆ ಮೈಕ್ ನಮ್ಮ ಕೈಗೂ ಬರುತ್ತದೆ. ನಮ್ಮ ವಿಡಿಯೊದಲ್ಲಿ ಮೈಕೂ ಇಲ್ಲ, ಮಾತೂ ಇಲ್ಲ.

ಇರುವುದು ಇಷ್ಟು. ಒಂದು ಕೈ ಮೂರು ಪಿನ್ನಿನ ಪ್ಲಗ್ ಬಿಚ್ಚಿ ತೋರಿಸುತ್ತದೆ. 1 ನಿಮಿಷ 40 ಸೆಕೆಂಡಿಗೆ ವಿಡಿಯೊ ತಾನಾಗಿ ನಿಲ್ಲುತ್ತದೆ. ಹಿಂದಿನ ಚಿತ್ರ ಮಬ್ಬಾಗಿ, ‘ಹಳದಿ ಗೆರೆಯ ಹಸಿರು ವೈರ್ ಯಾವ ಪಿನ್ನಿಗೆ?’ ಎಂದು ಬರುತ್ತದೆ. ಮೇಲಿನ ದಪ್ಪ ಪಿನ್ ಒತ್ತಿದರೆ ಮುಂದಕ್ಕೆ ಹೋಗುತ್ತದೆ. ಬೇರೆಯದು ಒತ್ತಿದರೆ 1 ನಿಮಿಷ 5 ಸೆಕೆಂಡಿಗೆ ವಾಪಸ್, ಅರ್ಥ್ ವೈರ್ ಬಗ್ಗೆ ಹೇಳಿದ ಜಾಗಕ್ಕೆ. ನಡುವೆ ಹಾರಿಸಿಕೊಂಡು ಓಡಲು ಆಗದಂತೆ ಬೀಗ ಹಾಕಿದ್ದೇವೆ. ಇದಕ್ಕೆ ನಾವು ಬಳಸುವುದು ಮೂಡಲ್ ಮತ್ತು ಎಚ್‌ಫೈವ್‌ಪಿ. ಮೊದಲನೆಯದು ಕೋರ್ಸ್ ನಡೆಸುವುದಕ್ಕೆ, ಎರಡನೆಯದು ವಿಡಿಯೊದೊಳಗೆ ಪ್ರಶ್ನೆ ಕೂರಿಸುವುದಕ್ಕೆ. ಎರಡೂ ಬಿಟ್ಟಿ ಸಿಗುವ ಮುಕ್ತ ತಂತ್ರಾಂಶ. (ಮೂಡಲ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಹುಡುಗರು ಮಾತ್ರ ಅದು ನಮ್ಮ ಮೂಡಲ ದಿಕ್ಕಿನ ಮೂಡಲ ಎಂದೇ ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.)

ಹೀಗೆ ನಿಲ್ಲಿಸಿ ನಿಲ್ಲಿಸಿ ಕೇಳುವುದಕ್ಕೆ ಕಾರಣ ಇದೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದ ನಾಲ್ಕು ಕೋರ್ಸುಗಳಲ್ಲಿ ಜನ ವಿಡಿಯೊ ನೋಡಿದ 69 ಲಕ್ಷ ಸಲದ ಲೆಕ್ಕ ಹಿಡಿದು 2014ರಲ್ಲಿ ಒಂದು ಅಧ್ಯಯನ ಬಂತು. ವಿಡಿಯೊ ಎಷ್ಟೇ ಉದ್ದವಿರಲಿ, ಜನ ಸಾಮಾನ್ಯವಾಗಿ ನೋಡುವುದು ಹೆಚ್ಚೆಂದರೆ 6 ನಿಮಿಷ ಎಂದಿತು ಅದು. ಗಮನ ಅಷ್ಟು ಬೇಗ ಜಾರುತ್ತದೆ ಎಂದೇ ನಾವು ನಡುವೆ ತಡೆದು ಕೇಳುವುದು.

‘ಪರಸ್ಪರ ಕ್ರಿಯಾತ್ಮಕ’, ‘ಅಂತರಕ್ರಿಯಾತ್ಮಕ’ ಎರಡನ್ನೂ ನೋಡಿದ್ದೇನೆ. ಬಾಯಲ್ಲಿ ಹೇಳಿಸಿದರೆ ದನಿ ಕೊಡುವವರೇ ತಡವರಿಸುತ್ತಾರೆ, ಬಿಡಿ. ‘ಒಡನಾಟ’ ಚೆಂದದ ಪದ, ಆದರೆ ಒಡನಾಟಕ್ಕೆ ದಿನಗಟ್ಟಲೆ ಬೇಕು. ಪ್ಲಗ್ಗಿನ ವಿಡಿಯೊ ಜೊತೆ ನಾಲ್ಕು ನಿಮಿಷದಲ್ಲಿ ಎಂಥ ಒಡನಾಟ?

ಆಗ ನೆನಪಾಗಿದ್ದು ಹೂಂಗುಟ್ಟುವುದು. ಪಿಸುಗುಟ್ಟು, ಗೊಣಗುಟ್ಟು ಸಾಲಿನ ಮಾತು. ನಮ್ಮಜ್ಜಿ ಕುಣಿಗಲ್ ಕಡೆಯವರು. ಕಥೆ ಶುರು ಮಾಡುವ ಮೊದಲೇ, “ಹೂಂ ಅನ್ನಬೇಕು, ಇಲ್ದಿದ್ರೆ ನಿಲ್ಸ್‌ಬಿಡ್ತೀನಿ” ಎನ್ನುತ್ತಿದ್ದರು. ನನ್ನ ಹೂಂ ನಿಂತ ಕಡೆ ಕಥೆಯೂ ನಿಲ್ಲುತ್ತಿತ್ತು. ‘ಹೂಂಗುಟ್ಟಿಸುವ ವಿಡಿಯೊ’ ಎಂದರೆ ಹೇಗೆ ಎಂದು ಆಫೀಸಿನಲ್ಲಿ ಕೇಳಿದೆ. ಎಲ್ಲರೂ ನಕ್ಕರು, ಆದರೆ ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ.

ತೊಡಕು ಇರೋದು ಬೇರೆ ಕಡೆ. ಅರೆನಿದ್ದೆಯಲ್ಲೂ ಹೂಂ ಎನ್ನಬಹುದು. ‘ಮುಂದೆ’ ಬಟನ್ ಒತ್ತುತ್ತಾ ಹೋಗುವವರು ಮಾಡುವುದು ಅದನ್ನೇ. ಅಜ್ಜಿಗೆ ಇದೂ ಗೊತ್ತಿತ್ತು. ನಡುವೆ ತಟ್ಟನೆ, “ಹೇಳು, ನರಿ ಎಲ್ಲಿ ಬಚ್ಚಿಟ್ಕೊಂಡಿತ್ತು?” ಎಂದು ಕೇಳುತ್ತಿದ್ದರು. ಗೊತ್ತಿಲ್ಲದಿದ್ದರೆ ಕಥೆ ಪೊದೆಯ ಹತ್ತಿರಕ್ಕೆ ವಾಪಸ್. ನಮ್ಮ ವಿಡಿಯೊ ಮಾಡುವುದು ಈ ಎರಡನೆಯದನ್ನು. ಇಂಗ್ಲಿಷಿನ ಪದ ಎರಡಕ್ಕೂ ಒಂದೇ. ಯೂಟ್ಯೂಬ್‌ನಲ್ಲಿ ವಿಡಿಯೊ ಮೇಲೆ ಅಂಟಿಸುತ್ತಿದ್ದ, ಒತ್ತಬಹುದಾದ ಚೀಟಿಗಳನ್ನು (ಆನೊಟೇಶನ್) 2019ರ ಜನವರಿಯಲ್ಲಿ ತೆಗೆದುಹಾಕಿದರಲ್ಲ, ಅವಕ್ಕೂ ಇದೇ ಹೆಸರು ಹೇಳುತ್ತಿದ್ದೆವು. ಅದೇ ಸಡಿಲವನ್ನು ನಾವೂ ತಲೆ ಮೇಲೆ ಹೊರಬೇಕಾ?

ಹಾಗಾದರೆ ‘ಕೇಳುವ ವಿಡಿಯೊ’ ಎನ್ನೋಣವೇ? ಇಲ್ಲಿ ಕನ್ನಡವೇ ಕಾಲು ಎಳೆಯುತ್ತದೆ. 1894ರ ಕಿಟೆಲ್ ನಿಘಂಟು ತೆಗೆದರೂ ‘ಕೇಳು’ವಿಗೆ ಕಿವಿಗೊಡುವ ಅರ್ಥವೂ ಇದೆ, ಪ್ರಶ್ನೆ ಮಾಡುವ ಅರ್ಥವೂ ಇದೆ. ಕೇಳುವುದು ನೋಡುವವನೋ, ವಿಡಿಯೊನೋ? ‘ನಿಂತು ಕೇಳುವ ವಿಡಿಯೊ’ ಎಂದರೆ ಗೊಂದಲ ಕಡಿಮೆ ಎಂದುಕೊಂಡೆ. ಒಬ್ಬ ಹುಡುಗ, “ಕೂತ್ಕೊಂಡು ಕೇಳಬಾರ್ದಾ ಸಾರ್?” ಎಂದ. ಸದ್ಯಕ್ಕೆ ‘ಪ್ರಶ್ನೆ ಹಾಕುವ ವಿಡಿಯೊ’ ಎಂದು ಇಟ್ಟಿದ್ದೇನೆ. ಸಪ್ಪೆ, ಆದರೆ ಯಾರೂ ಫೋನನ್ನು ಬಾಯಿ ಹತ್ತಿರ ಹಿಡಿಯುವುದಿಲ್ಲ.

ಜೊತೆಯ ಪದಗಳು ಅಷ್ಟು ಕಾಡಲಿಲ್ಲ. ಉತ್ತರಕ್ಕೆ ತಕ್ಕಂತೆ ದಾರಿ ಬದಲಾಗುವುದಕ್ಕೆ ‘ಕವಲು’ ಸಾಕು. ಪರದೆ ಮೇಲೆ ಒತ್ತಬೇಕಾದ ಜಾಗಕ್ಕೆ ಮಾತ್ರ ಪಾಡು ಪಟ್ಟೆ. ‘ಹಾಟ್‌ಸ್ಪಾಟ್ ಒತ್ತಿ’ ಎಂದಿದ್ದಾಗ ಇಬ್ಬರು ಫೋನಿನ ಸೆಟ್ಟಿಂಗ್ಸಿಗೆ ಹೋಗಿ ನೆಟ್ ಹಂಚಲು ಹೊರಟರು. ‘ಬಿಸಿತಾಣ’ ಎಂದು ಬದಲಾಯಿಸಿದೆ. ಅದು ಇನ್ನೂ ಫಜೀತಿ. ವೈರಿಂಗ್ ಮಾಡುವವರಿಗೆ ಬಿಸಿ ಜಾಗ ಎಂದರೆ ಜಾಯಿಂಟ್ ಸಡಿಲವಾಗಿ ಕಾಯುತ್ತಿರುವ ಕಡೆ, ಕೈ ಇಡಬಾರದ ಕಡೆ! ಈಗ ‘ಮಿನುಗುವ ಚುಕ್ಕಿ ಒತ್ತಿ’ ಎಂದಿದೆ. ಎಲ್ಲರೂ ಸರಿಯಾಗಿ ಒತ್ತುತ್ತಾರೆ.

ಈಗ ನನ್ನ ಪ್ರಶ್ನೆ. ಮಕ್ಕಳು ನಿಜಕ್ಕೂ ಕಥೆಗೆ ಕಿವಿಗೊಟ್ಟಿದ್ದಾರೋ, ಸುಮ್ಮನೆ ಹೂಂ ಎನ್ನುತ್ತಿದ್ದಾರೋ ಎಂದು ಅಜ್ಜಿಯರು ನಡುವೆ ತಡೆದು ಪ್ರಶ್ನೆ ಹಾಕುತ್ತಿದ್ದರಲ್ಲ, ಅದಕ್ಕೆ ನಿಮ್ಮ ಕಡೆ ಬೇರೆ ಮಾತು ಇದೆಯೇ? ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ಹೂಂಗುಟ್ಟುವುದಕ್ಕೆ ಅಲ್ಲಿ ಏನನ್ನುತ್ತೀರಿ ಎಂಬುದೂ ಬೇಕು. ಮುಂದಿನ ಗುರುವಾರ ದನಿ ರೆಕಾರ್ಡಿಂಗ್ ಇದೆ. ಅಷ್ಟರೊಳಗೆ ಸಿಗದಿದ್ದರೆ ‘ಪ್ರಶ್ನೆ ಹಾಕುವ ವಿಡಿಯೊ’ವೇ ಗಟ್ಟಿ.