ಸಹಾಯ ಬೇಕು: ಖಾರ, ಹುಳಿ ಎರಡೂ ಇರೋ ಊಟಕ್ಕೆ ಅಗ್ಗದ ವೈನ್ ಹೇಗೆ ಆರಿಸೋದು?

ಎಲ್ಲರಿಗೂ ನಮಸ್ಕಾರ. ದಿನದ ಊಟದ ಜೊತೆ ಒಂದು ಗ್ಲಾಸ್ ವೈನ್, ಅಷ್ಟೇ ನನ್ನ ಆಸೆ. ಜೇಬಿಗೆ ಹೊರೆ ಆಗಬಾರದು.

ಮೊದಲು ಕ್ಯಾಬರ್ನೆ ಸೋವಿನ್ಯೋನ್ ಅನ್ನೋ ಕೆಂಪು ವೈನ್ ತಂದೆ. ಬರೀ ಕುಡಿದರೆ ಚೆನ್ನಾಗೇ ಇತ್ತು. ಖಾರದ ತುತ್ತು ನುಂಗಿ ಒಂದು ಗುಟುಕು ಹಾಕಿದ್ದೇ ತಡ, ನಾಲಿಗೆ ಉರಿ, ಒಸಡೆಲ್ಲ ಒಗರು. ಟ್ಯಾನಿನ್ (ವೈನ್‌ಗೆ ಒಗರು ಕೊಡೋ ಅಂಶ), ಆಲ್ಕೋಹಾಲ್ ಜಾಸ್ತಿ ಇದ್ರೆ ಖಾರ ಇನ್ನೂ ಏರುತ್ತೆ ಅಂತ ಆಮೇಲೆ ಗೊತ್ತಾಯ್ತು. ಸರಿ ಅಂತ ಸೋವಿನ್ಯೋನ್ ಬ್ಲಾಂಕ್ ಅನ್ನೋ ಬಿಳಿ ವೈನ್‌ಗೆ ಬಂದೆ. ಕರಿದದ್ದಕ್ಕೆ, ಹುಳಿ ಅಡುಗೆಗೆ ಭಲೇ ಜೋಡಿ, ಜಿಡ್ಡನ್ನೆಲ್ಲ ತೊಳೆದು ಹಾಕುತ್ತೆ. ಖಾರಕ್ಕೆ ಮಾತ್ರ ಏನೂ ಉಪಯೋಗ ಇಲ್ಲ.

ಕೊನೆಗೆ ಸ್ವಲ್ಪ ಸಿಹಿ ಇರೋ ರೀಸ್ಲಿಂಗ್, ಇದೂ ಬಿಳಿ ವೈನೇ. ಖಾರವೂ ತಣಿಯುತ್ತೆ, ಹುಳಿಗೂ ಒಗ್ಗುತ್ತೆ. ಇದೇ ನನಗೆ ಬೇಕಾದದ್ದು ಅಂದ್ಕೊಂಡು ಬೇರೆ ಕಂಪನಿಯ ಅಗ್ಗದ ರೀಸ್ಲಿಂಗ್ ತಂದ್ರೆ ಅದು ಪೂರ್ತಿ ಡ್ರೈ, ಅಂದ್ರೆ ಸಿಹಿಯೇ ಇಲ್ಲ! ಲೇಬಲ್ ಮೇಲೆ ಹೂವು, ಬೆಟ್ಟ, ಕವಿತೆ ಎಲ್ಲಾ ಇದೆ, ಸಿಹಿ ಎಷ್ಟು ಅನ್ನೋದೊಂದು ಬಿಟ್ಟು.

ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ರೀಸ್ಲಿಂಗ್‌ನಲ್ಲಿ ಆಲ್ಕೋಹಾಲ್ 8-9% ಇದ್ರೆ ಸಿಹಿ ಉಳಿದಿರುತ್ತೆ, 12% ದಾಟಿದ್ರೆ ಸಾಮಾನ್ಯವಾಗಿ ಡ್ರೈ, ಅಷ್ಟು ಗೊತ್ತು. ನನ್ನ ಕೈಗೆ ಸಿಗೋದೆಲ್ಲ 10-11% ನಡುವಿನವೇ. ಅಂಥ ಬಾಟಲಿ ಸಿಹಿಯೋ ಡ್ರೈಯೋ ಅಂತ ತೆರೆಯದೇ ತಿಳಿಯೋದು ಹೇಗೆ? ಇಲ್ಲಾಂದ್ರೆ ಖಾರ, ಹುಳಿ ಎರಡಕ್ಕೂ ಒಗ್ಗೋ, ದಿನಾ ಕೊಳ್ಳಬಹುದಾದ ಬೇರೆ ದ್ರಾಕ್ಷಿ ತಳಿ ಯಾವುದಾದ್ರೂ ಇದೆಯಾ?